ಗೋಡೆಯ ಮೇಲೆ ನೂರು ಮೀನು

ಬನ್ನಿ, ಕೂತುಕೊಳ್ಳಿ. ನೀವಾದರೂ ಕೂತಿರಿ, ಈ ಕತೆಯ ಓಬಣ್ಣನಂತೂ ಕೂರುವವನಲ್ಲ.

ಮುತ್ತುಗದಹಟ್ಟಿಯಲ್ಲಿ ತಿಪ್ಪಮ್ಮ ಅಂತ ಒಬ್ಬಳಿದ್ದಳು. ಶಾಲೆಯಲ್ಲಿ ಬಿಸಿಯೂಟ ಬೇಯಿಸುವವಳು. ಅವಳಿಗೆ ಒಬ್ಬನೇ ಮಗ, ಓಬಣ್ಣ. ವಯಸ್ಸು ಇಪ್ಪತ್ತನಾಲ್ಕು. ಬಾಗಿಲಲ್ಲಿ ಬಗ್ಗಿ ಬರುವಷ್ಟು ಎತ್ತರ. ಹೇಳಿದ ಕೆಲಸ ಮಾಡುತ್ತಾನೆ. ಹೇಳಿದ ಹಾಗೇ ಮಾಡುತ್ತಾನೆ. ಇಲ್ಲಿ ಹೇಳಿದ್ದನ್ನು ಅಲ್ಲಿಯೂ ಮಾಡುತ್ತಾನೆ. ತೊಂದರೆ ಇದ್ದದ್ದು ಅಲ್ಲೇ.

ಆ ವರ್ಷ ಶಾಲೆಗೆ ಮೇಲಿನಿಂದ ಒಂದು ಕಾಗದ ಬಂತು. ಒಂದನೇ ತರಗತಿಗೆ ಹತ್ತು ಮಕ್ಕಳು ಸೇರಬೇಕು. ಹೆಸರಿನ ಪಟ್ಟಿ ಸೋಮವಾರ ಹನ್ನೆರಡರ ಬಸ್ಸಿನಲ್ಲಿ ತಾಲ್ಲೂಕಿಗೆ ಹೋಗಬೇಕು. ಒಂದು ಮಗು ಕಡಿಮೆಯಾದರೂ ಶಾಲೆಗೆ ಬೀಗ.

ಸೇರಿದವರು ಒಂಬತ್ತು. ಊರಲ್ಲಿ ಉಳಿದಿದ್ದು ಒಂದೇ ಮಗು, ಗಿರಣಿ ಹಾಲಪ್ಪನ ಮೊಮ್ಮಗಳು ಇಂಚರ. ಹಾಲಪ್ಪನ ಮನಸ್ಸೋ ಪೇಟೆಯ ಶಾಲೆಯ ಹಳದಿ ವ್ಯಾನಿನ ಮೇಲೆ.

“ನಿಮ್ಮ ಶಾಲೇಲಿ ಏನೈತಿ ಟೀಚರಮ್ಮ? ನಾಲ್ಕು ಗೋಡೆ!” ಅಂದ ಹಾಲಪ್ಪ.

“ಸೋಮವಾರ ಬಂದು ಆ ನಾಲ್ಕು ಗೋಡೆ ನೋಡಿ ಹಾಲಪ್ಪನವರೇ,” ಅಂದರು ವಾರಿಜಾ ಟೀಚರ್.

ಅಂದುಬಿಟ್ಟರು. ಇನ್ನು ಮಾಡಬೇಕಲ್ಲ! ಒಂದನೇ ತರಗತಿಯ ಕೋಣೆಯನ್ನೇ ಕೆರೆ ಮಾಡುವುದೆಂದು ಗೊತ್ತುಮಾಡಿದರು. ಗೋಡೆಗೆ ನೀಲಿ ಬಣ್ಣ. ಒಂದು ಮೂಲೆಗೆ ಕಮಲ, ಒಂದು ಮೂಲೆಗೆ ಕಪ್ಪೆ. ಸುತ್ತಲೂ ಕಾಗದದ ಮೀನು ನೂರು, ಒಂದೊಂದು ಮೀನಿನ ಮೇಲೆ ಒಂದೊಂದು ಅಂಕಿ. ಮಕ್ಕಳು ಮೀನು ಮುಟ್ಟಿ ಮುಟ್ಟಿ ನೂರರವರೆಗೆ ಕಲಿಯಬೇಕು. ಇದ್ದದ್ದು ಐದು ದಿನ. ಇಡೀ ಶಾಲೆಗೆ ಟೀಚರ್ ಒಬ್ಬರೇ.

“ನನ್ನ ಮಗನ್ನ ಕರ್ಕೊಳ್ಳಿ,” ಅಂದಳು ತಿಪ್ಪಮ್ಮ. “ಏಣಿ ಬೇಕಾಗಲ್ಲ.” ಮಗನ ಕಡೆ ತಿರುಗಿ ಕೈ ಮುಗಿದಳು. “ಲೋ ಓಬಾ, ಶಾಲೆ ಮುಚ್ಚಿದರೆ ನಮ್ಮ ಹೊಟ್ಟೆಗೆ ತಣ್ಣೀರು ಬಟ್ಟೆ. ಟೀಚರಮ್ಮ ಹೇಳಿದ ಹಾಗೆ ಮಾಡೋ!”

“ಆಗಲಿ ಅವ್ವಾ!” ಅಂದ ಓಬಣ್ಣ. ಅಷ್ಟರಲ್ಲಿ ಅರ್ಧ ದಾರಿ ಓಡಿದ್ದ.

ಬುಧವಾರ. ಮೊದಲ ಇಪ್ಪತ್ತು ಮೀನು ತಯಾರಾದವು. “ಇವನ್ನು ಗೋಡೆಗೆ ತೂಗುಹಾಕಪ್ಪ,” ಅಂದರು ಟೀಚರ್. ಓಬಣ್ಣ ತನ್ನ ಕೈ ಎಟುಕುವಲ್ಲಿ ತೂಗುಹಾಕಿದ. ಅವನ ಕೈ ಎಟುಕುವುದು ಸೂರಿನ ಹತ್ತಿರ. ಮಕ್ಕಳು ಕತ್ತೆತ್ತಿ ನೋಡಿದರು. ನೋಡಿ ನೋಡಿ ಒಬ್ಬ ಹಿಂದಕ್ಕೆ ಬಿದ್ದ.

“ಅಯ್ಯೋ ಓಬಣ್ಣ! ಶಾಲೆಯಲ್ಲಿ ಯಾವುದನ್ನೇ ತೂಗುಹಾಕಲಿ, ಚಿಕ್ಕ ಮಗುವನ್ನು ಪಕ್ಕಕ್ಕೆ ನಿಲ್ಲಿಸಿ, ಅದರ ಮೂಗಿನ ಎತ್ತರಕ್ಕೆ ಹಾಕಬೇಕು!”

“ಮೂಗಿನ ಎತ್ತರಕ್ಕೆ! ಆಗಲಿ ಮೇಡಂ!”

ಗುರುವಾರ. ಶಾಲೆಯ ಗಂಟೆ ಅಂದರೆ ಹೊಂಗೆಮರಕ್ಕೆ ಕಟ್ಟಿದ ಒಂದು ರೈಲು ಕಂಬಿಯ ತುಂಡು. ಅದರ ಹಗ್ಗ ಸವೆದಿತ್ತು. “ಹೊಸ ಹಗ್ಗ ಹಾಕಿ ತೂಗುಹಾಕು,” ಅಂದರು ಟೀಚರ್. ಓಬಣ್ಣ ಒಂದನೇ ತರಗತಿಯ ಅತಿ ಚಿಕ್ಕ ಹುಡುಗನನ್ನು ಎತ್ತಿಕೊಂಡು ಬಂದ, ಮರದ ಕೆಳಗೆ ನಿಲ್ಲಿಸಿದ, ಗಂಟೆಯನ್ನು ಅವನ ಮೂಗಿನ ಎತ್ತರಕ್ಕೆ ಇಳಿಬಿಟ್ಟ.

ಹುಡುಗ ಗಂಟೆ ನೋಡಿದ. ಕೆಳಗೆ ಕಲ್ಲಿತ್ತು. ಕಲ್ಲು ತಗೊಂಡ. ಢಣ್! ಢಣ್ ಢಣ್ ಢಣ್!

ಉದ್ದ ಗಂಟೆ ಅಂದರೆ ಶಾಲೆ ಬಿಟ್ಟ ಹಾಗೆ. ಐದು ತರಗತಿಯೂ ಚೀಲ ಹೊತ್ತು ಹೋ ಎಂದು ಓಡಿದವು. ಆಗ ಸಮಯ ಹತ್ತೂವರೆ. ಕತ್ತರಿ ಹಿಡಿದು ಮೀನು ಕತ್ತರಿಸುತ್ತಿದ್ದವರೂ ಓಡಿದರು. ಟೀಚರ್ ಅರ್ಧ ಮೀನು ಹಿಡಿದು ನಿಂತರು.

“ಓಬಣ್ಣಾ! ಮಕ್ಕಳು ಮುಗಿಬಿದ್ದು ಕೈ ಹಾಕುವಂಥದ್ದನ್ನು ಬೀರುವಿನಲ್ಲಿಟ್ಟು ಬೀಗ ಹಾಕಬೇಕು! ಕೀಲಿ ತಂದು ನನ್ನ ಕೈಗೇ ಕೊಡಬೇಕು!”

“ಬೀಗ! ಕೀಲಿ! ಆಗಲಿ ಮೇಡಂ!”

ಶುಕ್ರವಾರ. ಊಟದ ಹೊತ್ತು. ಟೀಚರ್ ಹಾಲಪ್ಪನಿಗೆ ಇನ್ನೊಂದು ಮಾತು ಹೇಳಿ ಬರಲು ಗಿರಣಿಗೆ ಹೋಗಿದ್ದರು. ತಿಪ್ಪಮ್ಮ ತಟ್ಟೆ ತೊಳೆಯುತ್ತಿದ್ದಳು. ಅನ್ನದ ಪಾತ್ರೆಯ ಸುತ್ತ ಮಕ್ಕಳು. ಇವನ ಕೈ ಅವನ ಮೇಲೆ, ಅವನ ಕೈ ಇವಳ ಮೇಲೆ. ಓಬಣ್ಣ ನೋಡಿದ. ಮುಗಿಬಿದ್ದಿದ್ದಾರೆ! ಕೈ ಹಾಕುತ್ತಿದ್ದಾರೆ! ಪಾತ್ರೆ ಎತ್ತಿದ, ಬೀರುವಿನಲ್ಲಿಟ್ಟ, ಬೀಗ ಜಡಿದ. ಸಾರನ್ನೂ ಬಿಡಲಿಲ್ಲ. ಕೀಲಿ ಹಿಡಿದು ಗಿರಣಿಗೆ ಓಡಿದ.

ಅವನು ಗಿರಣಿ ಮುಟ್ಟಿದಾಗ ಟೀಚರ್ ಶಾಲೆಯಲ್ಲಿದ್ದರು. ಅವನು ಶಾಲೆ ಮುಟ್ಟಿದಾಗ ಅವರು ಅವನನ್ನು ಹುಡುಕಿಕೊಂಡು ಗಿರಣಿಗೆ ಹೋಗಿದ್ದರು. ಹೀಗೆ ಮೂರು ಸಲ. ಬೀಗ ತೆಗೆದಾಗ ಗಂಟೆ ಮೂರು. ಬೀರುವಿನಲ್ಲಿದ್ದ ನೀಲಿ ಕಾಗದಕ್ಕೆಲ್ಲ ಸಾರಿನ ವಾಸನೆ.

ತಿಪ್ಪಮ್ಮ ಸೌಟು ಹಿಡಿದೇ ಬಂದಳು. “ಹಸಿದ ಮಕ್ಕಳ ಅನ್ನಕ್ಕೆ ಬೀಗ ಹಾಕ್ತಾರೇನೋ, ಪಾಪಿ! ಕೈ ಚಾಚಿದವರಿಗೆಲ್ಲ ಕೊಡಬೇಕು! ಯಾರು ಏನು ಅಂತ ಕೇಳಬಾರದು! ಇಲ್ಲ ಅನ್ನಬಾರದು!”

“ಕೈ ಚಾಚಿದವರಿಗೆಲ್ಲ! ಆಗಲಿ ಅವ್ವಾ!”

ಶನಿವಾರ. ನೂರು ಮೀನೂ ತಯಾರು! ಒಂದರಿಂದ ನೂರು, ಸಾಲಾಗಿ, ಮಕ್ಕಳ ಮೂಗಿನ ಎತ್ತರಕ್ಕೆ, ದಾರದಲ್ಲಿ ತೂಗುತ್ತಿದ್ದವು. ಟೀಚರಿಗೆ ಸ್ವಲ್ಪ ಉಸಿರು ಬಂತು. “ಓಬಣ್ಣ, ಒಂದು ಗಂಟೆ ನೋಡಿಕೊಂಡಿರು, ಊಟ ಮಾಡಿ ಬರುತ್ತೇನೆ,” ಅಂದರು.

ಕಿಟಕಿಯಿಂದ ಒಂದು ಪುಟ್ಟ ಕೈ ಬಂತು. ಓಬಣ್ಣ ಒಂದು ಮೀನು ಕೊಟ್ಟ. ಹತ್ತು ಕೈ ಬಂದವು. ಹತ್ತು ಮೀನು ಕೊಟ್ಟ. ಕುರಿ ಕಾಯುವ ಅಜ್ಜಿ ನೀರು ಕೇಳಿ ಕೈ ಚಾಚಿದಳು. ಅವಳಿಗೆ ಮೂರು ಮೀನು. ಉಳಿದವನ್ನು ಬುಟ್ಟಿಗೆ ತುಂಬಿಕೊಂಡು, ಇನ್ನೂ ಕೈ ಚಾಚುವವರನ್ನು ಹುಡುಕಿಕೊಂಡು ಬಸ್ ನಿಲ್ದಾಣಕ್ಕೆ ಓಡಿದ. ಬಸ್ಸಿನಲ್ಲಿದ್ದ ಒಬ್ಬರು ಹನಿ ಬೀಳುತ್ತಿದೆಯೇ ಎಂದು ಕಿಟಕಿಯಿಂದ ಕೈ ಚಾಚಿದ್ದರು. ಅವರಿಗೆ ಎಂಬತ್ತೆರಡನೇ ಮೀನು.

ಟೀಚರ್ ಬಂದಾಗ ಗೋಡೆ ಖಾಲಿ. ದಾರ ಮಾತ್ರ ಗಾಳಿಗೆ ಆಡುತ್ತಿತ್ತು.

ಅವರು ಬಯ್ಯಲಿಲ್ಲ. ಮಣೆಯ ಮೇಲೆ ಕೂತರು. ಕಣ್ಣು ಒರೆಸಿಕೊಂಡರು. ತಿಪ್ಪಮ್ಮನೂ ಪಕ್ಕದಲ್ಲಿ ಕೂತಳು. “ಹೋಯ್ತು ಬಿಡಿ ಟೀಚರಮ್ಮ. ನಾನು ಕಳೆ ಕೀಳೋಕೆ ಹೋಗ್ತೀನಿ.”

“ಇನ್ನೂ ನಾಳೆ ಇದೆ,” ಅಂದರು ಟೀಚರ್. ಕತ್ತರಿ ತಗೊಂಡರು.

ಭಾನುವಾರವೆಲ್ಲ ಒಂಬತ್ತು ಮಕ್ಕಳು, ಟೀಚರ್, ತಿಪ್ಪಮ್ಮ ಕೂತು ಮತ್ತೆ ನೂರು ಮೀನು ಕತ್ತರಿಸಿದರು. ತಿಪ್ಪಮ್ಮ ಮೈದಾ ಕಲಸಿ ಒಲೆಯ ಮೇಲಿಟ್ಟು ಒಂದು ಡಬ್ಬ ಅಂಟು ಕಾಸಿದಳು. ಈ ಸಲ ದಾರ ಬೇಡ.

“ನೋಡು ಓಬಣ್ಣ,” ಅಂದರು ಟೀಚರ್, ಒಂದೊಂದೇ ಮಾತು ಬಿಡಿಸಿ. “ಯಾವುದು ಎಲ್ಲಿರಬೇಕೋ ಅಲ್ಲಿಗೆ ಅಂಟು ಬಳಿ. ಕೂರಿಸು. ಗಟ್ಟಿಯಾಗಿ ಒತ್ತಿ ಹಿಡಿ. ನೂರು ಎಣಿಸುವ ತನಕ ಕೈ ತೆಗೆಯಬೇಡ. ಕದಲಬಾರದು!”

“ಬಳಿ, ಕೂರಿಸು, ಒತ್ತು, ನೂರು! ಆಗಲಿ ಮೇಡಂ!”

ಓಬಣ್ಣನಿಗೆ ಮೂವತ್ತೊಂಬತ್ತರ ಆಚೆ ಬಾರದು. ಅಲ್ಲಿಗೆ ಬಂದು ತಡವರಿಸುತ್ತಿದ್ದ, ಮತ್ತೆ ಒಂದರಿಂದ ಶುರು. ಬೇಸತ್ತು ಮಕ್ಕಳು “ನಲವತ್ತು!” ಎಂದು ಕೂಗುತ್ತಿದ್ದರು, ಅವನು ಮುಂದೆ ಹೋಗುತ್ತಿದ್ದ. ಹಾಗೂ ಹೀಗೂ ನೂರು ಮೀನೂ ಗೋಡೆಗೆ ಕೂತವು. ಒಂದೂ ಬೀಳಲಿಲ್ಲ. ತಿಪ್ಪಮ್ಮ ಬೆರಳಿಂದ ಎಬ್ಬಿಸಿ ನೋಡಿದಳು, ಕದಲಲಿಲ್ಲ. ಮಗನ ತಲೆ ಸವರಿದಳು.

ಸೋಮವಾರ. ಹನ್ನೊಂದು ಗಂಟೆ. ಹಳದಿ ವ್ಯಾನು ಶಾಲೆಯ ಮುಂದೆ ನಿಂತಿತು. ಬಿಳಿ ಪಂಚೆ ಉಟ್ಟ ಹಾಲಪ್ಪ ಇಂಚರಳ ಕೈ ಹಿಡಿದು ಇಳಿದ. “ಐದೇ ನಿಮಿಷ ಟೀಚರಮ್ಮ. ವ್ಯಾನು ಕಾಯಲ್ಲ.”

“ಓಬಣ್ಣ, ಹಾಲಪ್ಪನವರನ್ನು ಕುರ್ಚಿಯಲ್ಲಿ ಕೂರಿಸು!” ಅಂದರು ಟೀಚರ್, ಇಂಚರಳನ್ನು ಗೋಡೆಯ ಕಡೆ ಕರೆದುಕೊಳ್ಳುತ್ತ.

ಹಾಲಪ್ಪ ಇರಬೇಕಾದ್ದು ಕುರ್ಚಿಯಲ್ಲಿ. ಓಬಣ್ಣ ಡಬ್ಬದಲ್ಲಿ ಉಳಿದಿದ್ದ ಅಂಟನ್ನು ಕುರ್ಚಿಗೆ ಬಳಿದ. ಹಾಲಪ್ಪನನ್ನು ಕೂರಿಸಿದ. ಎರಡೂ ಭುಜ ಗಟ್ಟಿಯಾಗಿ ಒತ್ತಿ ಹಿಡಿದ. “ಒಂದು! ಎರಡು! ಮೂರು!”

“ಏನೋ ಇದು? ಬಿಡೋ!”

“ಕದಲಬಾರದು ಗೌಡ್ರೇ! ನಾಲ್ಕು! ಐದು!”

“ಓಬಾ, ಬಿಡೋ!” ತಿಪ್ಪಮ್ಮ ಅವನ ತೋಳು ಹಿಡಿದು ಎಳೆದಳು. ಟೀಚರ್ ಇನ್ನೊಂದು ತೋಳು ಎಳೆದರು. ಓಬಣ್ಣ ಕಂಬ. ಹೊರಗೆ ವ್ಯಾನು ಹಾರನ್ ಹೊಡೆಯಿತು. “ಮೂವತ್ತೆಂಟು! ಮೂವತ್ತೊಂಬತ್ತು! ಮೂವತ್ತು… ಮೂವತ್ತು… ಒಂದು! ಎರಡು!”

“ಮತ್ತೆ ಒಂದರಿಂದಲೇನೋ!” ಹಾಲಪ್ಪನ ದನಿ ಅಳುವ ಹಾಗಾಯಿತು. ವ್ಯಾನು ಇನ್ನೊಮ್ಮೆ ಹಾರನ್ ಹೊಡೆಯಿತು. ಕಾದು ಕಾದು ಹೊರಟೇಹೋಯಿತು.

ಮೂರನೇ ಸಲ ಮೂವತ್ತೊಂಬತ್ತು ಬಂತು. ಓಬಣ್ಣ ತಡವರಿಸಿದ. ಆಗ ಗೋಡೆಯ ಹತ್ತಿರದಿಂದ ಒಂದು ಸಣ್ಣ ದನಿ: “ನಲವತ್ತು!”

ಇಂಚರ. ಮೊದಲೆರಡು ಸಲವೂ ಒಂಬತ್ತು ಮಕ್ಕಳ ಜೊತೆ ಮೀನು ಮುಟ್ಟಿ ಮುಟ್ಟಿ, ಅವರು ಪಿಸುಗುಟ್ಟಿ ಹೇಳಿಕೊಟ್ಟ ಹಾಗೆ ನಲವತ್ತರ ತನಕ ಎಣಿಸಿದ್ದಳು. ಈಗ ನಲವತ್ತನೇ ಮೀನಿನ ಮೇಲೆ ಅವಳ ಬೆರಳು. ಅಲ್ಲಿಂದ ಮುಂದೆ ಮಕ್ಕಳು ಮೀನು ಮುಟ್ಟುತ್ತ ಹೇಳಿದರು, ಅವಳು ಹೇಳಿದಳು, ಓಬಣ್ಣ ಹೇಳಿದ. ನೂರು! ಓಬಣ್ಣ ಕೈ ತೆಗೆದ.

ಹಾಲಪ್ಪ ಏಳಲಿಲ್ಲ. ಏಳಲು ಆಗುತ್ತಲೂ ಇರಲಿಲ್ಲ ಅನ್ನಿ. ಮೊಮ್ಮಗಳನ್ನೇ ನೋಡುತ್ತಿದ್ದ. “ನಿನ್ನೆ ತನಕ ಇವಳಿಗೆ ಹತ್ತರ ಮೇಲೆ ಬರ್ತಿರಲಿಲ್ಲ.”

“ತಾತಾ, ಇನ್ನೊಂದ್ಸಲ ಎಣಿಸ್ತೀನಿ!” ಅಂದಳು ಇಂಚರ.

“ಎಣಿಸವ್ವ, ಎಣಿಸು. ನಾನೆಲ್ಲಿ ಹೋಗ್ಲಿ!” ಅಂದ ಹಾಲಪ್ಪ. ಕೂತಲ್ಲೇ ಅರ್ಜಿ ತರಿಸಿಕೊಂಡ. ಕೂತಲ್ಲೇ ಸಹಿ ಹಾಕಿದ. ಟೀಚರ್ ಪಟ್ಟಿಯಲ್ಲಿ ಹತ್ತನೇ ಹೆಸರು ಬರೆದರು.

ತಿಪ್ಪಮ್ಮ ಬಿಸಿನೀರು ತಂದು ಪಂಚೆ ಬಿಡಿಸುತ್ತ ಮಗನಿಗೆ ಬೈದಳು. “ಅಂಟು ಮನುಷ್ಯರಿಗಲ್ಲ ಕಣೋ ಮಂಕೇ! ಅಂಟು ಕಾಗದಕ್ಕೆ! ಕಾಗದಕ್ಕೆ ಮಾತ್ರ!”

“ಕಾಗದಕ್ಕೆ ಮಾತ್ರ! ಆಗಲಿ ಅವ್ವಾ!”

ಹೊರಗೆ ಹನ್ನೆರಡರ ಬಸ್ಸು ಬಂದ ಸದ್ದು. “ಓಬಣ್ಣ, ಓಡು!” ಟೀಚರ್ ಪಟ್ಟಿ ಅವನ ಕೈಗಿಟ್ಟರು. “ಇದು ಬಸ್ಸಿನಲ್ಲಿ ಹೋಗಬೇಕು! ಬೇಗ!”

ಓಬಣ್ಣ ಕೈಯಲ್ಲಿದ್ದದ್ದನ್ನು ನೋಡಿದ. ಕಾಗದ! ಇರಬೇಕಾದ್ದು ಬಸ್ಸಿನಲ್ಲಿ! ಅಂಟಿನ ಡಬ್ಬ ಎತ್ತಿಕೊಂಡು ಓಡಿದ. ಕಂಡಕ್ಟರ್ ಕಿಟಕಿಯಿಂದ ಕೈ ಚಾಚಿ “ಕೊಡಪ್ಪ” ಅನ್ನುತ್ತಲೇ ಇದ್ದರು. ಓಬಣ್ಣ ಬಸ್ಸಿನ ಹಿಂದಕ್ಕೆ ಹೋದ. ಅಂಟು ಬಳಿದ. ಪಟ್ಟಿ ಕೂರಿಸಿದ. ಒತ್ತಿ ಹಿಡಿದ. “ಒಂದು! ಎರಡು!”

ಬಸ್ಸು ಹೊರಟಿತು. ಓಬಣ್ಣ ಕೈ ತೆಗೆಯಲಿಲ್ಲ. ಹಿಂದಿನ ಏಣಿಗೆ ಹಾರಿದ. ಒಂದು ಕೈ ಏಣಿಯ ಮೇಲೆ, ಒಂದು ಕೈ ಪಟ್ಟಿಯ ಮೇಲೆ.

“ಲೋ! ಇಳಿಯೋ!” ತಿಪ್ಪಮ್ಮ ರಸ್ತೆಗೆ ಬಂದು ಕೂಗಿದಳು.

“ಕದಲಬಾರದು ಅವ್ವಾ! ಹದಿನಾರು! ಹದಿನೇಳು!”

ಬಸ್ಸು ಮುಂದೆ ಮುಂದೆ, ಧೂಳು ಹಿಂದೆ ಹಿಂದೆ. ದನಿ ಸಣ್ಣದಾಗುತ್ತ ಬಂತು. ಮೂವತ್ತೆಂಟು. ಮೂವತ್ತೊಂಬತ್ತು. ಆಮೇಲೆ ಏನೂ ಕೇಳಲಿಲ್ಲ.

ಶಾಲೆಯ ಹೊರಗೋಡೆ ಹತ್ತಿ ನಿಂತಿದ್ದ ಒಂದನೇ ತರಗತಿ, ಹತ್ತಕ್ಕೆ ಹತ್ತೂ ಮಕ್ಕಳು, ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದರು:

“ನಲವತ್ತೂ!”