ಘಟ್ಟದಲ್ಲಿ ಕರಗಿದ ಉಪ್ಪು

ಕುಮದೂರಿನಲ್ಲಿ ಡಂಗುರ ಸಾರಿದರು. ಕಡಲ ಸೀಮೆಯಿಂದ ಎತ್ತುಗಳ ಮೇಲೆ ಹೇರಿ ತಂದ ಅರಮನೆಯ ಉಪ್ಪನ್ನು ಮಳೆಗೆ ಕರಗಿಸಿದ ಹನ್ನೆರಡು ಮಂದಿ ಹೇರಿನವರು ಸೆರೆಯಲ್ಲಿದ್ದಾರೆ. ಅರಸರ ಮೂರು ಒಗಟು ಬಿಡಿಸಿದವನಿಗೆ ಅವರ ಬಿಡುಗಡೆಯೂ ಮುಂದಿನ ಉಪ್ಪಿನ ಸಾಗಣೆಯೂ ಸಿಗುವುದು. ಸೋತವನ ತಲೆ ಹೋಗುವುದು.

ಸೆರೆಯಲ್ಲಿದ್ದವರಲ್ಲಿ ಮಾಳಿಂಗನ ಅಣ್ಣ ಕರಿಬೀರನೂ ಒಬ್ಬ. ಎತ್ತು ಹೊಡೆಯುವುದು ಬಿಟ್ಟು ಬೇರೇನೂ ಕಲಿಯದ ಮಾಳಿಂಗ, ತಿಳಿದವರು ಯಾರಾದರೂ ಗೆಲ್ಲಲಿ ಎಂದು ಸಭೆಯ ಕಂಬಕ್ಕೊರಗಿ ಕಾದ.

ಮೊದಲು ಬಂದ ಸಾಹುಕಾರನಿಗೆ ಅರಸ ಕೇಳಿದ: "ಕೊಟ್ಟವನ ಕೈ ಬಿಟ್ಟಿದೆ, ಕೊಳ್ಳುವವನ ಕೈ ಸೇರಿಲ್ಲ. ಒಯ್ಯುವವನ ಬಳಿ ಇದೆ, ಅವನದಲ್ಲ. ಏನದು?"

ಸಾಹುಕಾರ ಹೆಣವೆಂದ. ಅವನ ತಲೆ ಹೋಯಿತು. ಮರುದಿನ ಪಂಡಿತನೊಬ್ಬ ಬಿಟ್ಟ ಬಾಣವೆಂದ. ಅವನದೂ ಹೋಯಿತು. ಮಾಳಿಂಗನಿಗೆ ಮೊದಲ ದಿನವೇ ಉತ್ತರ ಗೊತ್ತಿತ್ತು. ಮುಂದೆ ಬರಲು ಮಾತ್ರ ಹೆದರಿದ. ಮುಂದಿನ ಎರಡು ಒಗಟು ಏನಿರುತ್ತವೋ. ಮೂರನೆಯ ದಿನ ಯಾರೂ ಬರಲಿಲ್ಲ. ಬೇರೆ ದಾರಿ ಕಾಣದೆ ಅವನೇ ಎದ್ದ.

"ಅದು ಹೇರು, ಬುದ್ಧೀ. ದಾರಿಯುದ್ದಕ್ಕೂ ನಮ್ಮ ಜೊತೆಗಿರುತ್ತದೆ, ನಮ್ಮದಾಗುವುದಿಲ್ಲ."

ಒಬ್ಬ ಭಾರವಾದರೆ ಇಬ್ಬರೂ ಬೀಳುವ ಜೋಡಿ ಯಾವುದೆಂದು ಅರಸ ಕೇಳಿದ. ಎತ್ತಿನ ಬೆನ್ನಿನ ಎರಡು ಚೀಲ, ಸರಿ ತೂಗದಿದ್ದರೆ ಎತ್ತು ಮುಗ್ಗರಿಸಿ ಎರಡೂ ಉರುಳುತ್ತವೆ ಎಂದ ಮಾಳಿಂಗ.

"ಕಾವಲು ಹೆಚ್ಚಿದಷ್ಟೂ ಕಡಿಮೆಯಾಗುವುದು ಯಾವುದು?"

ಮಾಳಿಂಗ ಕೈಮುಗಿದ.

"ತಿಳಿಯದು, ಬುದ್ಧೀ. ಉಪ್ಪು ಹೇಗೆ ಹೋಯಿತೆಂದು ಮಾತ್ರ ಅಣ್ಣ ಹೇಳಿದ್ದಾನೆ. ನಿಮ್ಮ ಪಹರೆಯವರು ಹರದಾರಿಗೊಮ್ಮೆ ಚೀಲ ಬಿಚ್ಚಿಸಿ ನೋಡಿದರಂತೆ. ತಡವಾಗಿ, ಘಟ್ಟದಲ್ಲೇ ಮಳೆ ಹಿಡಿಯಿತು. ಹಿಂದೆ ಪಹರೆಯೇ ಇರಲಿಲ್ಲ. ನಿಮ್ಮ ತಂದೆ, ದೊಡ್ಡ ಅರಸರಿಗೆ ನಮ್ಮ ಮೇಲೆ ನಂಬಿಕೆ..."

ಅಲ್ಲಿಗೆ ನಿಂತ. ತನ್ನ ಬಾಯಿಂದ ಬಂದದ್ದು ತನಗೇ ಕೇಳಿಸಿತು.

"ನಂಬಿಕೆ, ಬುದ್ಧೀ."

ಒಗಟು ಕಟ್ಟಿಕೊಟ್ಟಿದ್ದ ಮುದಿ ಮಂತ್ರಿ ಅರಸನ ಕಣ್ಣು ತಪ್ಪಿಸಿ ತಲೆ ತಗ್ಗಿಸಿದ. ಅರಸ ಸೆರೆಮನೆಯ ಬೀಗದ ಕೈ ತರಿಸಿದ. ಹನ್ನೆರಡು ಮಂದಿಯೂ ಹೊರಬಂದರು. ಸತ್ತ ಇಬ್ಬರ ಮನೆಯವರ ಕಡೆ ನೋಡಲು ಮಾಳಿಂಗನಿಗಾಗಲಿಲ್ಲ.

ಮಳೆಗಾಲ ಕಳೆದು ಅವನ ಎತ್ತುಗಳು ಕಡಲ ಕಡೆಗೆ ಹೊರಟ ಬೆಳಗ್ಗೆ ಅರಸನೇ ಊರಬಾಗಿಲಿಗೆ ಬಂದ. ಯಾವಾಗ ಬರುತ್ತೀರೆಂದು ಕೇಳಿದ. ಹೊಳೆ ದಾರಿ ಕೊಟ್ಟ ಹಾಗೆ ಎಂದ ಮಾಳಿಂಗ. ಜೊತೆಗೆ ಹೋಗಿರೆನ್ನುವಂತೆ ಪಹರೆಯವರತ್ತ ಅರಸನ ಕೈ ಎದ್ದಿತು. ಹೆಗಲ ಶಾಲು ಸರಿಪಡಿಸಿಕೊಂಡು ಕೆಳಗಿಳಿಯಿತು.

ತಿರುವಿನಲ್ಲಿ ಮಾಳಿಂಗ ಹಿಂದಿರುಗಿ ನೋಡಿದ. ಅರಸ ಇನ್ನೂ ಅಲ್ಲೇ ನಿಂತಿದ್ದ. ಕಾಯುವುದು ಬಿಟ್ಟು ಅವನಿಗೆ ಮಾಡಲು ಏನೂ ಉಳಿದಿರಲಿಲ್ಲ.