ಘನತೆಗೆ ತಕ್ಕ ಓಲಗ

ಲೋಕಸಭೆ ಎಲೆಕ್ಷನ್ ರಿಸಲ್ಟ್ ಬಂದ ಮಧ್ಯಾಹ್ನವೇ ಊರಿನ ಮುಖಂಡ ತಿಮ್ಮರಾಯಪ್ಪನ ಹೆಗಲ ಮೇಲಿನ ಶಾಲಿನ ಬಣ್ಣ ಬದಲಾಯಿತು. ಬೆಳಿಗ್ಗೆವರೆಗೂ ಸೋತವರನ್ನು ದೇವರು ಅನ್ನುತ್ತಿದ್ದ. ಈಗ ಗೆದ್ದ ಚೆಲುವರಾಜನ ಮನೆಗೆ ಮೆರವಣಿಗೆಯಲ್ಲಿ ಹೋಗಿ ಅವನ ಪಕ್ಷ ಸೇರಬೇಕಂತೆ.

ಓಲಗದವನನ್ನು ಕರೆಸಿ ಗದರಿದ. "ಲೇ, ನನ್ನ ಘನತೆಗೆ ತಕ್ಕ ಹಾಡು ನುಡಿಸಬೇಕು. ತಪ್ಪಿದರೆ ಈ ಊರಲ್ಲಿ ನಿನಗೆ ಒಂದು ಮದುವೆಯೂ ಸಿಗಲ್ಲ, ತಿಳ್ಕೋ."

"ತಕ್ಕದ್ದನ್ನೇ ನುಡಿಸ್ತೀನಿ ಬುದ್ಧಿ," ಅಂದ ಓಲಗದವ. ಈ ಮನುಷ್ಯ ಶಾಲು ಬದಲಿಸುವುದನ್ನು ನೋಡಿ ನೋಡಿ ಅವನಿಗೆ ವಾಕರಿಕೆ ಬಂದಿತ್ತು.

ಮೆರವಣಿಗೆ ಹೊರಟಿತು. ಓಲಗದವ ಕೆನ್ನೆ ಉಬ್ಬಿಸಿ ಹೆಣ್ಣೊಪ್ಪಿಸುವ ಹಾಡು ಹಿಡಿದ. ಬೀದಿಯ ಹೆಂಗಸರು ಬಾಯಿಗೆ ಸೆರಗಿಟ್ಟು ನಕ್ಕರು. ತಿಮ್ಮರಾಯಪ್ಪನಿಗೆ ಹಾಡಿನ ಗಂಧಗಾಳಿ ಗೊತ್ತಿಲ್ಲ. ತನ್ನನ್ನು ಕಂಡೇ ಜನ ಖುಷಿಪಡುತ್ತಿದ್ದಾರೆ ಅಂದುಕೊಂಡು ಕೈ ಮುಗಿಯುತ್ತಾ ನಡೆದ.

ಚೆಲುವರಾಜನ ಮನೆಯ ಜಗುಲಿಯಲ್ಲಿ ಅವನ ಅಜ್ಜಿ ಕೂತಿದ್ದಳು. ಕಣ್ಣು ಮಂಜು, ಕಿವಿ ಚುರುಕು. ಹಾಡು ಕೇಳಿದ್ದೇ ಎದ್ದು ನಿಂತಳು. "ಸೊಸೆ ಬಂದಳು ಕಣ್ರೇ! ಹೊಸಿಲ ಮೇಲೆ ಸೇರಕ್ಕಿ ಇಡಿ. ಬಲಗಾಲಿಟ್ಟು ಒಳಗೆ ಬಾ ತಾಯಿ!"

ಇಡೀ ಬೀದಿ ಗೊಳ್ಳೆಂದಿತು. ತಿಮ್ಮರಾಯಪ್ಪ ಕೆಂಡವಾದ. "ಏನೋ ಇದು, ಯಾವ ಹಾಡೋ?"

"ಹುಟ್ಟಿದ ಮನೆ ಬಿಟ್ಟು ಕೊಟ್ಟ ಮನೆ ಸೇರೋರಿಗೆ ನಾವು ನುಡಿಸೋದೇ ಇದು ಬುದ್ಧಿ. ಮುಂದಿನ ಎಲೆಕ್ಷನ್ನಿಗೆ ಬಾಣಂತನಕ್ಕೆ ಅಂತ ತವರಿಗೆ ಬರ್ತೀರಲ್ಲ, ಆಗ ಬೇರೆ ನುಡಿಸ್ತೀನಿ."