ಕಣಿವೆಹಾಳಿನ ಬರಿಗೊಡದ ಗುಡ್ಡ

ಕಣಿವೆಹಾಳಿಗೆ ಹೊಸದಾಗಿ ಬಂದವರು ಮೊದಲು ಬೆಚ್ಚುವುದು ನಮ್ಮೂರ ಹೆಂಗಸರನ್ನು ಕಂಡು. ಬೇರೆ ಊರುಗಳಲ್ಲಿ ಶುಭಕಾರ್ಯಕ್ಕೆ ಹೊರಟವರಿಗೆ ಬರಿಗೊಡ ಎದುರಾದರೆ ಹೊರಟವರು ಹಿಂದಕ್ಕೆ ಬಂದು, ಒಂದು ಗುಟುಕು ನೀರು ಕುಡಿದು, ಕುಳಿತೆದ್ದು ಮತ್ತೆ ಹೊರಡುತ್ತಾರೆ. ನಮ್ಮಲ್ಲಿ ಮದುವೆಯ ದಿಬ್ಬಣಕ್ಕೆ ಬೇಕೆಂದೇ ಐದು ಜನ ಮುತ್ತೈದೆಯರು ಬರಿಗೊಡ ಹಿಡಿದು ಎದುರು ಬರುತ್ತಾರೆ. ಹೋದ ವರ್ಷ ಹೊರಗಿನ ಬೀಗರೊಬ್ಬರು ಇದನ್ನು ಕಂಡು ಗಾಡಿಯನ್ನೇ ತಿರುಗಿಸಲು ಹೊರಟಿದ್ದರು. ಅವರನ್ನು ಸಮಾಧಾನ ಮಾಡುವಷ್ಟರಲ್ಲಿ ನನ್ನ ಗಂಟಲು ಬಿದ್ದುಹೋಯಿತು. ಊರಿನ ಬಡಗಣ ದಿಕ್ಕಿಗೆ ಒಂದು ಬೋಳು ಗುಡ್ಡವಿದೆ. ಅದರ ಮೇಲೆ ಹಳೆಯ ಕೋಟೆಯ ಗೋಡೆ, ಗೋಡೆಯ ನಡುವೆ ಇಪ್ಪತ್ತು ಮಾರು ಅಗಲಕ್ಕೆ ಹಾಲು ಚೆಲ್ಲಿದ ಹಾಗೆ ಬೆಳ್ಳಗಿರುವ ಒಂದು ಇಳಿಜಾರು, ಅದರ ತಲೆಯಲ್ಲಿ ಸಾಲಾಗಿ ಬೋರಲು ಹಾಕಿದ ಮಣ್ಣಿನ ಕೊಡಗಳು. ಯಾರೋ ಪುಣ್ಯಾತ್ಮರು ಅಲ್ಲಿ ‘ವೀಕ್ಷಣಾ ಸ್ಥಳ’ ಎಂದು ಹಲಗೆ ನೆಟ್ಟು ಹೋಗಿದ್ದಾರೆ. ಏನನ್ನು ವೀಕ್ಷಿಸಬೇಕು ಎಂದು ಬರೆದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹಿಂದೆ ಒಮ್ಮೆ, ಈ ಸೀಮೆ ಪಾಳೆಯಗಾರರ ಕೈಯಲ್ಲಿದ್ದ ಕಾಲದಲ್ಲಿ, ಆ ಗುಡ್ಡವೇ ಊರಾಗಿತ್ತು ಎನ್ನುತ್ತಾರೆ. ಕೋಟೆಯ ಒಳಗೆ ನಲವತ್ತು ಮನೆ. ನೀರಿಗೆ ಬಂಡೆಯ ನಡುವಿನ ಒಂದು ದೊಣೆ. ದೊಡ್ಡ ಕೆರೆ ಇದ್ದದ್ದು ಗುಡ್ಡದ ಕೆಳಗೆ. ಆ ವರ್ಷದ ಮಳೆಗೆ ಬಡಗಣ ಗೋಡೆ ಕುಸಿದಿತ್ತು. ಅದನ್ನು ಕಟ್ಟಿಸಲು ನಾಯಕನು ಸುಣ್ಣಗಾರರ ಮನೆತನಕ್ಕೆ ಹೇಳಿ ಆರು ಗೂಡು ಸುಣ್ಣ ಸುಡಿಸಿದ್ದ. ಸುಣ್ಣ ಸುಟ್ಟು ಮುಗಿಯಿತು. ಕಲ್ಲುಕುಟಿಗರು ಗೋಡೆಗೆ ಕೈ ಹಚ್ಚಬೇಕು ಎನ್ನುವಾಗ ತೆಂಕಣ ಗಡಿಯಲ್ಲಿ ಗಲಾಟೆ ಎಂದು ಸುದ್ದಿ ಬಂತು. ಕತ್ತಿ ಹಿಡಿಯಬಲ್ಲ ಗಂಡಸರೆಲ್ಲ ನಾಯಕನ ಹಿಂದೆ ಹೊರಟುಹೋದರು. ಅವರು ಹೋದ ಹದಿನೈದನೆಯ ದಿನಕ್ಕೆ ಉತ್ತರದಿಂದ ಬೇರೊಂದು ದಂಡು ಬಂದು ಕೆರೆಯ ಏರಿಯ ಮೇಲೆ ಡೇರೆ ಹೊಡೆಯಿತು. ಯಾವ ಅರಸನ ದಂಡು ಎಂದು ಕೇಳಬೇಡಿ. ಸೋತು ಹೋದವರ ಹೆಸರು ನೆನಪಿಟ್ಟುಕೊಳ್ಳುವ ಪುರುಸೊತ್ತು ನಮ್ಮ ಹಿರಿಯರಿಗೆ ಇರಲಿಲ್ಲ. ಆ ದಂಡು ಹೊಕ್ಕ ಊರುಗಳಿಂದ ಹೆಂಗಸರನ್ನೂ ಮಕ್ಕಳನ್ನೂ ಸೆರೆ ಒಯ್ಯುತ್ತಿತ್ತು ಎಂಬುದು ಮಾತ್ರ ಎಲ್ಲರಿಗೂ ಗೊತ್ತಿತ್ತು.

ಸುಣ್ಣಗಾರರ ಮನೆಯ ಯಜಮಾನತಿ ಕಾಟವ್ವ. ಅರವತ್ತು ದಾಟಿದ ಹೆಂಗಸು, ಗಂಡ ತೀರಿಹೋದ ಮೇಲೆ ಗೂಡಿನ ಕೆಲಸವೆಲ್ಲ ಅವಳದೇ. ಮಾತು ಬಲು ಒರಟು. ಅವಳ ಬಾಯಿಗೆ ಹೆದರಿ ಕಲ್ಲುಕುಟಿಗರು ದಾರಿ ಬಿಟ್ಟು ಹೋಗುತ್ತಿದ್ದರಂತೆ. ಮಗ ದಂಡಿನ ಜೊತೆ ಹೋಗಿದ್ದ. ಮನೆಯಲ್ಲಿ ಸೊಸೆ ಬೋರಮ್ಮ ಹನ್ನೊಂದು ದಿನದ ಹೆಣ್ಣುಕೂಸಿನ ಬಾಣಂತಿ. ಸುಣ್ಣಗಾರರಲ್ಲಿ ಒಂದು ಕಟ್ಟುಕಟ್ಟಳೆ ಇತ್ತು, ಅದನ್ನು ಇಲ್ಲಿಯೇ ಹೇಳಿಬಿಡಬೇಕು. ಸುಟ್ಟ ಸುಣ್ಣದ ಕಲ್ಲಿಗೆ ನೀರು ಬಿದ್ದರೆ ಅದು ಕೊತಕೊತ ಕುದಿದು ಅರಳುತ್ತದೆ, ಸಿಡಿಯುತ್ತದೆ. ಸಿಡಿದದ್ದು ಕಣ್ಣಿಗೆ ಬಿದ್ದರೆ ಆ ಗಳಿಗೆಯಲ್ಲೇ ಧಾರಾಳವಾಗಿ ನೀರು ಹೊಯ್ದು ತೊಳೆಯಬೇಕು. ತಡವಾದರೆ ಕಣ್ಣು ಹೋದ ಹಾಗೆಯೇ. ಆದ್ದರಿಂದ ಗೂಡಿನ ಪಕ್ಕದಲ್ಲಿ ಸದಾ ಒಂದು ಕೊಡ ನೀರು ಮುಚ್ಚಿಟ್ಟಿರುತ್ತಿದ್ದರು. ಅದು ಕಣ್ಣಿಗೆಂದು ಇಟ್ಟ ಕೊಡ. ಬಾಯಾರಿ ನಾಲಿಗೆ ಒಣಗಿದರೂ ಅದರಿಂದ ಯಾರೂ ಒಂದು ಗುಟುಕು ಕುಡಿಯುವಂತಿರಲಿಲ್ಲ.

ಮುತ್ತಿಗೆಯ ಒಂಬತ್ತನೆಯ ದಿನ ದೊಣೆ ತಳ ಕಂಡಿತು. ನಾಯಕನ ಹೆಂಡತಿ ನಾಗತಿ ಚಿನ್ನಾಜಮ್ಮ ತಾನೇ ನಿಂತು ಮನೆಗೊಂದು ಕೊಡ ನೀರು ಅಳೆದು ಕೊಟ್ಟಳು. ಆಮೇಲೆ ದೊಣೆಯಲ್ಲಿ ಉಳಿದದ್ದು ಬರಿಯ ಕೆಸರು. ಕುಸಿದ ಗೋಡೆಗೆ ಅಡ್ಡವಾಗಿ ಇದ್ದದ್ದು ಮುದುಕರು ಕಟ್ಟಿದ ಮುಳ್ಳಿನ ಬೇಲಿ. ನಾಗತಿಗೆ ಧೈರ್ಯ ಉಡುಗಿತು. “ನಾಳೆ ಬಾಗಿಲು ತೆಗೆಸಿಬಿಡ್ತೀನಿ. ನನ್ನ ಕಾಲಿಗೆ ಬೇಡಿ ಹಾಕ್ಲಿ, ಮಕ್ಕಳಿಗೆ ನೀರು ಸಿಕ್ಕರೆ ಸಾಕು,” ಎಂದಳು. ಕಾಟವ್ವನಿಗೆ ಕೇಳುತ್ತಲೇ ಮೈ ಉರಿಯಿತು. “ಬೇಡಿ ಹಾಕೋರು ನಿಮಗೊಬ್ಬರಿಗೇ ಹಾಕಿ ಬಿಡ್ತಾರಾ, ತಾಯಿ? ನನ್ನ ಮೊಮ್ಮಗಳು ಯಾರದೋ ಊರಾಗೆ ತೊತ್ತಾಗಿ ಬೆಳೀಬೇಕಾ? ಆರು ಗೂಡು ಸುಣ್ಣ ಹಂಗೇ ಬಿದ್ದೈತೆ. ಅದನ್ನ ಗೋಡೆ ಕುಸಿದ ಕಡೆ ಸುರೀತೀನಿ. ಅವರು ಅದರ ಮ್ಯಾಲೆ ಕಾಲಿಟ್ಟಾಗ ನೀರು ಹೊಯ್ದರೆ ಆಯ್ತು,” ಎಂದಳು. “ನೀರೆಲ್ಲೈತೆ?” ಎಂದಳು ನಾಗತಿ. “ಮನೆಗೊಂದು ಕೊಡ ಕೊಟ್ಟೀರಲ್ಲ, ಅದೇ.” ಸುಣ್ಣಕ್ಕೆ ಹೊಯ್ದರೆ ಕುಡಿಯಲು ತೊಟ್ಟು ನೀರಿಲ್ಲ. ಹೊಯ್ಯದಿದ್ದರೆ ಎರಡು ದಿನ ಕುಡಿದುಕೊಂಡು ಸೆರೆಗೆ ಕಾಯಬೇಕು. ಕೊನೆಗೆ ಬಾಣಂತಿ ಬೋರಮ್ಮ ಮನೆಯೊಳಗಿಂದ ತನ್ನ ಪಾಲಿನ ಕೊಡವನ್ನು ಎಳೆದುಕೊಂಡು ಬಂದು ಅತ್ತೆಯ ಮುಂದೆ ಇಟ್ಟಳಂತೆ. ಬಾಣಂತಿಯೇ ಕೊಟ್ಟ ಮೇಲೆ ಉಳಿದವರೂ ಒಬ್ಬೊಬ್ಬರಾಗಿ ತಮ್ಮ ಕೊಡ ತಂದಿಟ್ಟರು.

ಆ ದಿನವೆಲ್ಲ ಹೆಂಗಸರು ಪುಟ್ಟಿಗಳಲ್ಲಿ ಸುಣ್ಣದ ಕಲ್ಲು ಹೊತ್ತು ತಂದು ಗೋಡೆ ಕುಸಿದ ಇಳಿಜಾರಿನ ತುಂಬ ಹರಡಿದರು. ಕೆಳಗಿನ ದಂಡಿನವರು ಅದನ್ನು ನೋಡುತ್ತಲೇ ಇದ್ದರು. ಹೆಂಗಸರು ಗಾರೆಯಿಲ್ಲದೆ ಗೋಡೆ ಕಟ್ಟಲು ಹೊರಟಿದ್ದಾರೆಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಮರುದಿನ ಬಿಸಿಲೇರುವ ಹೊತ್ತಿಗೆ ನಲವತ್ತು ಹೆಂಗಸರು ತುಂಬಿದ ಕೊಡ ಹೊತ್ತು ಇಳಿಜಾರಿನ ತಲೆಯಲ್ಲಿ ಸಾಲಾಗಿ ನಿಂತರು. ನಡುವೆ ಕಾಟವ್ವ, ಅವಳ ಮಗ್ಗುಲಲ್ಲಿ ನಾಗತಿ ಚಿನ್ನಾಜಮ್ಮ. ಕಾಟವ್ವ ಮುಳ್ಳಿನ ಬೇಲಿಯನ್ನೂ ತೆಗೆಸಿದ್ದಳು. ಗೆದ್ದು ಬಂದ ದೊರೆಯನ್ನು ಹೆಂಗಸರು ತುಂಬಿದ ಕೊಡ ಹಿಡಿದು ಎದುರುಗೊಳ್ಳುವುದು ಆಗಿನ ಪದ್ಧತಿ. ಆ ದಂಡಿನ ದಳವಾಯಿ ಇದನ್ನು ಕಂಡು, ಊರು ಶರಣಾಯಿತು, ತನ್ನನ್ನು ಎದುರುಗೊಳ್ಳಲು ನಿಂತಿದ್ದಾರೆ ಎಂದೇ ತಿಳಿದ. ಗುರಾಣಿ ಬೆನ್ನಿಗೆ ಹಾಕಿಕೊಂಡು, ಮೀಸೆ ತೀಡಿಕೊಳ್ಳುತ್ತ, ಮದುವೆಮನೆಗೆ ಬರುವ ಹಾಗೆ ಮೇಲೇರಿದ. ಹಿಂದೆ ಇನ್ನೂರು ಮುನ್ನೂರು ಮಂದಿ ಒತ್ತೊತ್ತಾಗಿ ಏರಿದರು. ಇದನ್ನು ಮೋಸ ಎನ್ನುವ ಬುದ್ಧಿವಂತರಿದ್ದಾರೆ. ಒಂದು ಸಲ ಒಬ್ಬ ಮಹನೀಯರು ನನ್ನ ಮುಂದೆಯೇ ಅಂದರು. ಕರೆಯದೆ ಕತ್ತಿ ಹಿಡಿದು ಬಂದವನು ತನಗೆ ಆರತಿ ಎತ್ತುತ್ತಾರೆಂದು ನಂಬಿದರೆ ಅದು ಯಾರ ತಪ್ಪು ಸ್ವಾಮಿ, ಎಂದು ಕೇಳಿದೆ. ಅವರು ಬಸ್ಸಿಗೆ ಹೊತ್ತಾಯಿತು ಎಂದು ಎದ್ದುಹೋದರು.

ದಳವಾಯಿ ಹತ್ತು ಮಾರಿನಷ್ಟು ಹತ್ತಿರ ಬಂದಾಗ ಕಾಟವ್ವ “ಹೊಯ್ರೇ!” ಎಂದು ಕೂಗಿದಳು. ನಲವತ್ತು ಕೊಡ ಒಟ್ಟಿಗೆ ಬಗ್ಗಿದವು. ಇಳಿಜಾರು ಬುಸುಗುಟ್ಟಿ ಕುದಿಯತೊಡಗಿತು, ಕಲ್ಲುಗಳು ಕಾಲಡಿಯಲ್ಲೇ ಸಿಡಿದು ಹಿಟ್ಟಾದವು, ಬೆಳ್ಳನೆಯ ಹಬೆ ಗುಡ್ಡವನ್ನೇ ಮುಚ್ಚಿಕೊಂಡಿತು. ಮುಂದಿದ್ದವರು ಕಣ್ಣು ಕಾಣದೆ ಹಿಂದಿನವರ ಮೇಲೆ ಬಿದ್ದರು. ಹಿಂದಿನವರು ಅವರನ್ನು ತುಳಿದುಕೊಂಡು ಕೆರೆಯತ್ತ ಓಡಿದರು. ದಳವಾಯಿಯನ್ನು ಕಂಬಳಿಯಲ್ಲಿ ಹೊತ್ತೊಯ್ದರು. ಆ ಹಬೆಯ ಮೋಡ ಎರಡು ದಿನದ ದಾರಿಯಾಚೆಯಿಂದ ಹಿಂದಿರುಗಿ ಬರುತ್ತಿದ್ದ ನಾಯಕನಿಗೂ ಕಂಡಿತು, ಊರಿಗೇ ಬೆಂಕಿ ಬಿತ್ತೆಂದು ಅವನು ದಂಡನ್ನು ಓಡಿಸಿಕೊಂಡು ಹೊರಟ ಎನ್ನುತ್ತಾರೆ.

ಆದರೆ ಇಳಿಜಾರಿನ ಅಂಚಿಗೆ ಎಲ್ಲರಿಗಿಂತ ಮುಂದೆ ನಿಂತಿದ್ದವಳು ಕಾಟವ್ವ. ಸಿಡಿದ ಸುಣ್ಣ ಅವಳ ಎರಡು ಕಣ್ಣಿಗೂ ಬಿತ್ತು. ಹೆಂಗಸರು ಓಡಿಹೋಗಿ ಗೂಡಿನ ಪಕ್ಕದಲ್ಲಿದ್ದ, ಕಣ್ಣಿಗೆಂದು ಇಟ್ಟ ಆ ಕೊಡವನ್ನು ತಂದರು. ಕಾಟವ್ವ ಎರಡು ಕೈಯಲ್ಲೂ ಕೊಡವನ್ನು ತಡವಿ ಕೇಳಿದಳು: “ಇನ್ನೆಷ್ಟು ಉಳಿದಾವೆ?”

“ಇದೊಂದೇ ಕಣೇ, ಬಗ್ಗು ಬೇಗ!” ಎಂದಳು ನಾಗತಿ.

“ಹಂಗಾರೆ ಇದನ್ನ ಬೋರಮ್ಮಂಗೆ ಕೊಡ್ರಿ. ಅವಳ ಎದೆ ಬತ್ತಿದರೆ ಕೂಸು ಉಳಿಯಾಕಿಲ್ಲ.”

“ಅಯ್ಯೋ, ಕಣ್ಣು ಹೋಗ್ತಾವಲ್ಲೇ ಕಾಟವ್ವ!”

“ನನ್ನ ಕಣ್ಣು ಅರವತ್ತು ವರ್ಷ ನೋಡ್ಯಾವೆ ತಾಯಿ. ಆ ಕೂಸು ಇನ್ನೂ ನೆಟ್ಟಗೆ ಕಣ್ಣೇ ಬಿಟ್ಟಿಲ್ಲ.”

ಬೋರಮ್ಮ ಅತ್ತಳು. “ನಿಮ್ಮ ಕಣ್ಣನ್ನ ನಾನು ಹೆಂಗೆ ಕುಡೀಲಿ ಅತ್ತೆ?” ಎಂದು ಕೊಡವನ್ನು ಮುಟ್ಟಲಾರದೆ ಕುಳಿತಳು. ಆ ನೋವಿನಲ್ಲೂ ಕಾಟವ್ವನ ಬಾಯಿ ಸುಮ್ಮನಿರಲಿಲ್ಲ: “ಕುಡಿ ಅಂದರೆ ಕುಡಿಯೇ, ಹಟಮಾರಿ! ಗೂಡಿನ ಕೆಲಸದಾಗೂ ನೀನು ನನ್ನ ಮಾತು ಕೇಳ್ದೋಳಲ್ಲ.” ಬೋರಮ್ಮ ಅಳುತ್ತಲೇ ಕುಡಿದಳು. ಕೆಳಗೆ ಕೆರೆಯನ್ನು ದಂಡು ಇನ್ನೂ ಬಿಟ್ಟಿರಲಿಲ್ಲ. ಮೂರನೆಯ ದಿನ ನಾಯಕ ಬರುವವರೆಗೆ ಗುಡ್ಡದ ಮೇಲಿನ ಒಳ್ಳೆಯ ನೀರೆಂದರೆ ಅದೊಂದೇ ಕೊಡ. ಉಳಿದವರು ದೊಣೆಯ ಕೆಸರನ್ನು ಸೀರೆಯಲ್ಲಿ ಹಿಂಡಿ ನಾಲಿಗೆ ತೇವ ಮಾಡಿಕೊಂಡರು. ಆ ಕೊಡದ ಕಡೆ ಯಾರೂ ಕಣ್ಣೆತ್ತಿ ನೋಡಲಿಲ್ಲ. ಕೂಸು ಉಳಿಯಿತು. ಕಾಟವ್ವನ ಕಣ್ಣು ಉಳಿಯಲಿಲ್ಲ.

ನಾಯಕನು ಹಗೆಯ ದಂಡನ್ನು ಓಡಿಸಿ ಕೋಟೆಯ ಬಾಗಿಲಿಗೆ ಬಂದಾಗ ಹೆಂಗಸರು ಕೊಡ ಹಿಡಿದು ಎದುರು ನಿಂತಿದ್ದರು. ಒಂದರಲ್ಲೂ ಹನಿ ನೀರಿಲ್ಲ. ಅಪಶಕುನವೆಂದು ಕುದುರೆ ಸವಾರರು ಲಗಾಮು ಎಳೆದರು. ನಾಗತಿ ಗಂಡನ ಮುಖ ನೋಡಿ, “ಬರಿಗೊಡ ಎದುರು ಬಂತು ಅಂತ ಹಿಂದಕ್ಕೆ ಹೋಗ್ತೀರಾ? ಹೋಗಿ. ಈ ಬರಿಗೊಡಗಳಿಂದಲೇ ನಿಮಗೆ ಹಿಂದಿರುಗಿ ಬರೋಕೆ ಒಂದು ಊರು ಉಳಿದೈತೆ,” ಎಂದಳು. ನಾಯಕ ಕುದುರೆಯಿಂದ ಇಳಿದು ನಡೆದು ಬಂದು, ಕಾಟವ್ವನ ಕೈಯಲ್ಲಿದ್ದ ಖಾಲಿ ಕೊಡವನ್ನು ಕಣ್ಣಿಗೆ ಒತ್ತಿಕೊಂಡ. ಅಂದಿನಿಂದ ಅದು ಬರಿಗೊಡದ ಗುಡ್ಡ. ಕಾಟವ್ವ ಆಮೇಲೆ ಹತ್ತು ವರ್ಷ ಬದುಕಿದ್ದಳು, ಮೊಮ್ಮಗಳ ಮುಖವನ್ನು ಬೆರಳಿನಿಂದ ತಡವಿ ನೋಡುತ್ತ, ಕಲ್ಲುಕುಟಿಗರನ್ನು ಮೊದಲಿಗಿಂತ ಜೋರಾಗಿ ಬೈಯುತ್ತ.

ಈಗಲೂ ಗುಡ್ಡ ಹತ್ತಿದವರಿಗೆ ಬಿಳಿಯ ಇಳಿಜಾರು ಕಾಣುತ್ತದೆ, ಬೋರಲು ಹಾಕಿದ ನಲವತ್ತು ಕೊಡಗಳು ಕಾಣುತ್ತವೆ. ಅವುಗಳ ನಡುವೆ ಮೊಣಕಾಲೆತ್ತರದ ಒಂದು ಕಲ್ಲಿದೆ. ಅದಕ್ಕೆ ಮೂಗಿಲ್ಲ, ಬಾಯಿಲ್ಲ. ಕಣ್ಣಿರುವ ಜಾಗದಲ್ಲಿ ಎರಡು ಗುಳಿ ಮಾತ್ರ. ಪಕ್ಕದಲ್ಲಿ ಬಟ್ಟೆ ಕಟ್ಟಿ ಮುಚ್ಚಿದ ಒಂದು ತುಂಬಿದ ಕೊಡ. ಎಂಥ ಬಿಸಿಲಿನಲ್ಲಿ ಹತ್ತಿ ಬಂದವರೂ ಅದನ್ನು ಮುಟ್ಟುವುದಿಲ್ಲ, ಅದು ಬಾಣಂತಿಯರಿಗೆ. ಹೋದ ತಿಂಗಳು ನನ್ನ ತಮ್ಮನ ಮೊಮ್ಮಗಳು, ಬಾಣಂತಿ ಹೊಂಬಾಳೆ, ತನ್ನ ಕೂಸನ್ನು ಎತ್ತಿಕೊಂಡು ಹತ್ತಿದಾಗ ನಾನೂ ಏದುಸಿರು ಬಿಡುತ್ತ ಜೊತೆಗೆ ಹೋಗಿದ್ದೆ. ಅವಳು ಕೊಡದ ಬಾಯಿ ಬಿಚ್ಚಿದಳು. ಮೊದಲ ಬೊಗಸೆಯನ್ನು ಕಲ್ಲಿನ ಎಡಗಣ್ಣಿನ ಗುಳಿಗೆ ಹೊಯ್ದಳು, ಎರಡನೆಯದನ್ನು ಬಲಗಣ್ಣಿಗೆ. “ತೊಳ್ಕೋ ಅಜ್ಜಿ, ನೀರೈತೆ,” ಎಂದಳು. ಆಮೇಲೆ ತಾನು ಕುಡಿದಳು.